ತುಪ್ಪಕ್ಕೂ ಮಣಿಯದ ನಾಯಿ

ನಿಮ್ಮೆದುರು ಯಾರಾದರೂ ಬಾಯಿ ಮುಚ್ಚಿ, ತಲೆ ತಗ್ಗಿಸಿ ಕುಳಿತಾಗ ಅದು ನಿಮ್ಮ ಮೇಲಿನ ಗೌರವದಿಂದಲೇ ಎಂದು ಎಷ್ಟು ಸಲ ನಂಬಿದ್ದೀರಿ? ಒಮ್ಮೆಯಾದರೂ ಸಂಶಯಪಟ್ಟದ್ದುಂಟೇ? ಇಲ್ಲ. ಸಂಶಯವನ್ನು ನಾವೆಲ್ಲರೂ ಪರರಿಗಾಗಿ ಮೀಸಲಿಟ್ಟಿರುತ್ತೇವೆ; ನಮ್ಮ ಸ್ವಂತ ದೊಡ್ಡಸ್ತಿಕೆಯ ಮೇಲೆ ಅದನ್ನು ಒಂದು ತೊಟ್ಟೂ ಖರ್ಚು ಮಾಡುವುದಿಲ್ಲ. ದೆಹಲಿಯ ಲಕ್ಷ್ಮೀ ನಗರದಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುವ ಜಯಾನಂದರು ಈ ವಿಷಯದಲ್ಲಿ ನಿಮಗಿಂತ ಕೆಟ್ಟವರೇನೂ ಅಲ್ಲ, ಮೇಲಾದವರೂ ಅಲ್ಲ.

ಪರರನ್ನು ಸಂಶಯಿಸುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರು ಯಮುನೆಯ ಆಚೆ ಈಚೆ ಎರಡೂ ದಡಗಳಲ್ಲಿ ಇರಲಾರರು. ಹಾಲಿನವನ ಹಾಲು, ತರಕಾರಿಯವನ ತಕ್ಕಡಿ, ಕೋಚಿಂಗ್ ಸೆಂಟರಿನ ಜಾಹೀರಾತಿನಲ್ಲಿ ಹಲ್ಲು ಕಿರಿಯುವ ಮೊದಲ ರ‍್ಯಾಂಕಿನ ಹುಡುಗ, ಇವೆಲ್ಲವೂ ಅವರ ಸಂಶಯದ ಪಾಲಿಗೆ ಬಂದಿದ್ದವು. ಹೊಸ ಅಡುಗೆಭಟ್ಟರು ಕೆಲಸಕ್ಕೆ ಸೇರಿದರೆ, ಜಯಾನಂದರು ಗಲ್ಲಾದಿಂದ ಎದ್ದು ಮುಂಬಾಗಿಲಿನಿಂದ ಹೊರಟುಹೋದಂತೆ ಮಾಡಿ, ಓಣಿ ಸುತ್ತಿ ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದರು. ತುಪ್ಪದ ಡಬ್ಬಿ ಒಡೆದಾಗಲೆಲ್ಲ ಒಂದು ಬೆರಳಷ್ಟು ತೆಗೆದು ಎಡಗೈಯ ಹಿಂಬದಿಗೆ ಉಜ್ಜಿ, ಕಣ್ಣು ಮುಚ್ಚಿ ಮೂಸಿ, ಅಸಲೋ ನಕಲೋ ಎಂದು ತೀರ್ಪು ಕೊಟ್ಟು, ಕೈಯನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಿದ್ದರು. ಕುಂದಾಪುರದ ಕಡೆಯಿಂದ ದೆಹಲಿಗೆ ಬಂದು ಹೋಟೆಲು ತೆರೆದ ತಂದೆಯಿಂದ ಅವರಿಗೆ ಬಂದ ಪದ್ಧತಿಯದು.

ಅವರ ಮನೆ ಪಟ್‌ಪರ್‌ಗಂಜ್‌ನ ಒಂದು ವಸತಿ ಸೊಸೈಟಿಯ ಏಳನೆಯ ಮಹಡಿಯಲ್ಲಿದೆ. ಸೊಸೈಟಿಯ ಹೆಸರು ಬೇಡ. ಎರಡು ಲಿಫ್ಟು, ಒಂದು ಹುಲ್ಲುಹಾಸು, ಆ ಹುಲ್ಲುಹಾಸಿನ ಮೇಲೆ ಯಾರಾರು ಕುಳಿತುಕೊಳ್ಳಬಾರದು ಎಂಬ ಫಲಕ ಇರುವ ಯಾವ ಸೊಸೈಟಿಗೂ ಈ ಕಥೆ ಅಳತೆಗೆ ಸರಿಯಾಗಿ ಹೊಂದುತ್ತದೆ. ಮನೆಯಲ್ಲಿ ಹೆಂಡತಿ ಚಂಪಾ, ನೋಯ್ಡಾದ ಕಚೇರಿಯೊಂದಕ್ಕೆ ಹೋಗಿಬರುವ ಮಗಳು ನಿರೀಕ್ಷಾ, ಮತ್ತು ಆ ಮಗಳು ಹೋಟೆಲಿನ ಹಿಂದಿನ ಓಣಿಯಿಂದ ಎತ್ತಿ ತಂದ ಚಟ್ನಿ ಎಂಬ ಕಂದು ನಾಯಿ. ಇ-ರಿಕ್ಷಾದಡಿ ಸಿಕ್ಕಿ ಚಟ್ನಿಯ ಒಂದು ಹಿಂಗಾಲು ಸೊಟ್ಟಗಾಗಿದೆ, ಮೆಟ್ಟಿಲು ಹತ್ತಲಾರಳು. ಬೊಗಳುವುದಕ್ಕೆ ಮಾತ್ರ ಅವಳಿಗೆ ಕಾಲಿನ ಅಡ್ಡಿ ಇರಲಿಲ್ಲ. ಕೊರಿಯರಿನವನಿಗೆ ಬೊಗಳುತ್ತಾಳೆ, ಲಿಫ್ಟಿನ ಕನ್ನಡಿಯಲ್ಲಿ ಕಾಣುವ ತನಗೇ ಬೊಗಳುತ್ತಾಳೆ. ಆದರೆ ಸಂಜೆ ಜಯಾನಂದರು ಹೊಸ್ತಿಲು ದಾಟಿದೊಡನೆ ತೆಪ್ಪಗೆ ಎದುರು ಕುಳಿತು, ಮೂಗು ಮೇಲೆತ್ತಿ, ಅರೆಗಣ್ಣು ಮುಚ್ಚಿ, ಮಂಗಳಾರತಿಗೆ ಕಾದ ಭಕ್ತೆಯಂತೆ ಆಗಿಬಿಡುತ್ತಾಳೆ.

"ನೋಡಿದ್ಯಾ? ಬೈದೆನಾ? ಬಿಸ್ಕತ್ತು ಕೊಟ್ಟೆನಾ?" ಎಂದು ಜಯಾನಂದರು ಮಗಳಿಗೆ ಹೇಳುತ್ತಿದ್ದರು. "ಶಿಸ್ತು ಅನ್ನೋದು ಕಣ್ಣಲ್ಲಿರಬೇಕು."

"ಪಪ್ಪಾ, ಆಪ್ ಭೀ ನಾ. ಶಿ ಈಸ್ ಜಸ್ಟ್ ಹಂಗ್ರಿ," ಎನ್ನುತ್ತಿದ್ದಳು ನಿರೀಕ್ಷಾ.

"ಹಸಿವಾದ್ರೆ ಅನ್ನ ಹಾಕುವ ಅಮ್ಮನ ಹತ್ರ ಹೋಗ್ಬೇಕು. ನನ್ನ ಹತ್ರ ಯಾಕೆ ಬರ‍್ತದೆ?"

ಈ ತರ್ಕಕ್ಕೆ ಮನೆಯಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಅದು ಸತ್ಯವೆಂದು ಸ್ಥಾಪಿತವಾಯಿತು.

ಸೊಸೈಟಿಯ ಕಾರ್ಯದರ್ಶಿ ತ್ಯಾಗಿ ಜೀ ಐದನೆಯ ಮಹಡಿಯವರು. ಹೆಸರು ಏನೇ ಇರಲಿ, ಎರಡು ಕಾರು ನಿಲ್ಲಿಸುವ ಜಾಗದಲ್ಲಿ ಒಂದನ್ನೂ ಬಿಟ್ಟುಕೊಟ್ಟವರಲ್ಲ. ಅವರ ಜರ್ಮನ್ ಶೆಫರ್ಡ್ ಸುಲ್ತಾನ್ ಆಗಷ್ಟೇ ಒಬ್ಬ ಪಾರ್ಸೆಲಿನವನ ಪ್ಯಾಂಟಿನ ಒಂದು ಕಾಲನ್ನು ತನ್ನಲ್ಲೇ ಉಳಿಸಿಕೊಂಡಿತ್ತು. ಅಂಥ ಸುಲ್ತಾನ್ ಒಂದು ಸಂಜೆ ಲಿಫ್ಟಿನಲ್ಲಿ ಜಯಾನಂದರನ್ನು ಕಂಡು ತಾನಾಗಿಯೇ ಕುಳಿತು, ಅವರ ಎಡಗೈಗೆ ಮೂಗು ಒತ್ತಿ, ಬಾಲದಿಂದ ಲಿಫ್ಟಿನ ಗೋಡೆಯನ್ನು ಬಡಿಯತೊಡಗಿತು.

"ಜಯಾನಂದ ಜೀ, ನಿಮ್ಮಲ್ಲಿ ಏನೋ ಇದೆ," ಎಂದರು ತ್ಯಾಗಿ ಬೆರಗಾಗಿ.

ಇತ್ತು ನಿಜ. ಅದೇನೆಂದು ಇಬ್ಬರೂ ವಿಚಾರಿಸಲಿಲ್ಲ.

ಪ್ಯಾಂಟಿನ ಪ್ರಕರಣ ದೊಡ್ಡದಾದ ಮೇಲೆ ಸೊಸೈಟಿ ಒಂದು ನಿರ್ಣಯಕ್ಕೆ ಬಂತು. ನಾಯಿಗಳಿಗೆಲ್ಲ ಒಂದೇ ಪದ್ಧತಿಯ ತರಬೇತಿ ಆಗಬೇಕು. ಆಗದ ನಾಯಿಗೆ ಲಿಫ್ಟಿಲ್ಲ. ಬಂದ ತರಬೇತುದಾರರು ಇಬ್ಬರು. ಒಬ್ಬರಿಗೆ ತ್ಯಾಗಿಯವರ ಸುಲ್ತಾನನನ್ನೂ ಇನ್ನೊಬ್ಬರಿಗೆ ಮಲ್ಹೋತ್ರಾ ಆಂಟಿಯ ಲ್ಯಾಬ್ರಡಾರ್ ಲಡ್ಡುವನ್ನೂ ತಿಂಗಳ ಮಟ್ಟಿಗೆ ಒಪ್ಪಿಸಿ, ಕೊನೆಗೆ ಯಾವ ಪದ್ಧತಿ ಮೇಲೆಂದು ನಿಷ್ಪಕ್ಷಪಾತಿಯೊಬ್ಬರು ತೂಗಿ ಹೇಳುವುದೆಂದಾಯಿತು. ಆ ನಿಷ್ಪಕ್ಷಪಾತಿ ಯಾರೆಂಬ ಪ್ರಶ್ನೆ ಬಂದಾಗ ತ್ಯಾಗಿ ಜೀ ಲಿಫ್ಟಿನಲ್ಲಿ ಕಂಡದ್ದನ್ನು ಸಭೆಗೆ ವರ್ಣಿಸಿದರು. ಜಯಾನಂದರು ಬೇಡ ಬೇಡವೆನ್ನುತ್ತಲೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಅವರ ಮೊದಲ ಸಂಶಯ ಬಿದ್ದದ್ದು ಭವ್ಯಶ್ರೀಯ ಮೇಲೆ. ದಾವಣಗೆರೆಯ ಹುಡುಗಿ, ವಾರವಿಡೀ ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ, ಶನಿವಾರ ಭಾನುವಾರ ನಾಯಿಗಳಿಗೆ ಪಾಠ. ಸೊಂಟಕ್ಕೆ ಸದಾ ಒಂದು ಬಟ್ಟೆಯ ಚೀಲ.

"ಆ ಚೀಲದಲ್ಲಿ ಏನಿದೆ?" ಎಂದು ಜಯಾನಂದರು ವಿಚಾರಣೆ ಆರಂಭಿಸಿದರು.

"ಪನೀರ್ ಚೂರು ಅಂಕಲ್. ಲಡ್ಡು ಹೇಳಿದ ಹಾಗೆ ಕೂತರೆ ಒಂದು ಕೊಡ್ತೀನಿ."

"ಅಂದರೆ ಮೊದಲೇ ಒಪ್ಪಂದ ಆಗಿದೆ."

"ಮೊದಲು ಅಲ್ಲ ಅಂಕಲ್, ಕೂತ ಮೇಲೆ."

"ಕೆಲಸ ಆದ ಮೇಲೆ ಕೊಡೋದಕ್ಕೆ ಕಚೇರಿಗಳಲ್ಲಿ ಚಹಾ ಪಾನಿ ಅಂತಾರೆ. ನಾನು ಅದಕ್ಕೆ ಲಂಚ ಅಂತೇನೆ."

"ನಿಮ್ಮ ಹೋಟೆಲ್ ಸಪ್ಲೈಯರ್‌ಗಳಿಗೆ ನೀವು ಸಂಬಳ ಕೊಡಲ್ವಾ?"

"ಕೊಡ್ತೇನಮ್ಮ, ತಿಂಗಳಿಗೊಮ್ಮೆ. ಒಂದೊಂದು ಪ್ಲೇಟು ತಂದಿಟ್ಟಾಗಲೂ ಬಾಯಿಗೆ ಪನೀರ್ ಇಡೋದಿಲ್ಲ."

ಭವ್ಯಶ್ರೀ ನಕ್ಕುಬಿಟ್ಟಳು. ನಗು ಅಪರಾಧಿಯ ಮೊದಲ ಲಕ್ಷಣವೆಂದು ಜಯಾನಂದರು ಮನಸ್ಸಿನಲ್ಲೇ ದಾಖಲಿಸಿಕೊಂಡರು. ಸಾಲದ್ದಕ್ಕೆ, ಇಬ್ಬರೂ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿದ ನೆರೆಯವರು "ಅಚ್ಛಾ, ಅವರ ಕಡೆಯ ಹುಡುಗಿಯೇ" ಎಂದು ಪರಸ್ಪರ ಹುಬ್ಬು ಹಾರಿಸಿದ್ದರು. ಸ್ವಜನಪಕ್ಷಪಾತದ ಕಳಂಕ ತಟ್ಟಬಾರದೆಂದು ಜಯಾನಂದರು ಅಂದಿನಿಂದ ಆ ಹುಡುಗಿಯೊಡನೆ ಹಿಂದಿಯಲ್ಲೇ ಮಾತಾಡತೊಡಗಿದರು. ಅವಳು ಕನ್ನಡದಲ್ಲಿ ಕೇಳುವುದು, ಇವರು ಹಿಂದಿಯಲ್ಲಿ ಹೇಳುವುದು. ನ್ಯಾಯವನ್ನು ಕಾಪಾಡಲು ಮನುಷ್ಯ ಎಷ್ಟು ದೂರ ಹೋಗುತ್ತಾನೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ನ್ಯಾಯದಿಂದಲೇ ಎಷ್ಟು ದೂರ ಹೋಗುತ್ತಾನೆಂಬುದಕ್ಕೂ ಇದೇ ಸಾಕು.

ಇನ್ನೊಬ್ಬ ತರಬೇತುದಾರ ಕ್ಯಾಪ್ಟನ್ ರಜತ್. ಯಾವ ಪಡೆಯ ಕ್ಯಾಪ್ಟನ್ ಎಂದು ಯಾರೂ ಕೇಳಿರಲಿಲ್ಲ. ಆ ಮೀಸೆಯನ್ನು ನೋಡಿದ ಮೇಲೆ ಕೇಳುವುದು ಅಸಭ್ಯವೆನಿಸುತ್ತಿತ್ತು.

"ನನ್ನಲ್ಲಿ ಲಂಚವಿಲ್ಲ ಸರ್. ಆಜ್ಞೆ ಮಾತ್ರ," ಎಂದ ಆತ.

"ನಾಯಿಯ ಕೊರಳಲ್ಲಿ ಆ ಕರೀ ಪಟ್ಟಿ ಏನು?"

"ಸಂಪರ್ಕ ಸಾಧನ ಸರ್. ನನ್ನ ಕೈಯಲ್ಲಿ ರಿಮೋಟ್. ಪಟ್ಟಿ ಬೀಪ್ ಅನ್ನುತ್ತದೆ, ನಾಯಿ ಮಾತು ಕೇಳುತ್ತದೆ."

"ಕೇಳದಿದ್ದರೆ?"

"ಕೇಳದಿರುವ ಪ್ರಶ್ನೆಯೇ ಬರುವುದಿಲ್ಲ ಸರ್."

ಹಾಲಿನವನು ಇಂಥ ಉತ್ತರ ಕೊಟ್ಟಿದ್ದರೆ ಜಯಾನಂದರು ಅವನ ಕ್ಯಾನನ್ನು ತಲೆಕೆಳಗೆ ಮಾಡಿ ನೋಡುತ್ತಿದ್ದರು. ಆದರೆ 'ಸರ್' ಎಂಬ ಶಬ್ದ ಮೂರು ಸಲ ಕಿವಿಗೆ ಬಿದ್ದರೆ ಎಂಥ ಸಂಶಯಕ್ಕೂ ಜೋಂಪು ಹತ್ತುತ್ತದೆ.

ಮೌಲ್ಯಮಾಪನದ ಭಾನುವಾರ ಬಂತು. ಅಂದು ಹೋಟೆಲಿನಲ್ಲಿ ತುಪ್ಪದ ಹೊಸ ಡಬ್ಬಿ ಒಡೆದಿದ್ದರಿಂದ ಜಯಾನಂದರು ಅದನ್ನು ಎಂದಿನಂತೆ ಪರೀಕ್ಷಿಸಿ, ಅಂಗಿಗೆ ಒರೆಸಿಕೊಂಡು, ನೇರವಾಗಿ ಹುಲ್ಲುಹಾಸಿನ ಪ್ಲಾಸ್ಟಿಕ್ ಕುರ್ಚಿಗೆ ಬಂದು ಕುಳಿತರು. ಸುತ್ತ ಸೊಸೈಟಿಯ ಜನ. ಮೊದಲು ಲಡ್ಡುವಿನ ಸರದಿ.

ಲಡ್ಡು ಕುಳಿತಿತು, ಮಲಗಿತು, ಪಾರ್ಸೆಲಿನವನು ಎದುರಿಗೇ ನಡೆದುಹೋದರೂ ಬೊಗಳದೆ ಭವ್ಯಶ್ರೀಯ ಮುಖ ನೋಡಿ ಬಾಲವಾಡಿಸಿತು. ಎಲ್ಲವೂ ಸುಗಮವಾಗಿತ್ತು. ಅಷ್ಟರಲ್ಲಿ ಗಾಳಿ ತಿರುಗಿತು. ಲಡ್ಡುವಿನ ಮೂಗು ಒಮ್ಮೆ ಅರಳಿತು. ಅದು ಎದ್ದು ಗಂಭೀರವಾಗಿ ನಡೆದು ಬಂದು, ಜಯಾನಂದರ ಮೊಣಕಾಲಿನ ಮೇಲೆ ಗದ್ದವಿಟ್ಟು, ಎಡಗೈಯನ್ನು ನೆಕ್ಕತೊಡಗಿತು.

"ಲಡ್ಡು, ವಾಪಸ್," ಎಂದಳು ಭವ್ಯಶ್ರೀ, ದನಿಯೆತ್ತರಿಸದೆ.

ಲಡ್ಡು ಅವಳನ್ನು ನೋಡಿತು. ಕೈಯನ್ನು ನೋಡಿತು. ಸಂಸಾರ ತೊರೆಯುವವನ ಹಾಗೆ ಒಂದು ನಿಟ್ಟುಸಿರು ಬಿಟ್ಟು ಅವಳ ಬಳಿಗೆ ಮರಳಿತು. ಅವಳು ಪನೀರ್ ಚೂರು ಕೊಟ್ಟು ಬೆನ್ನು ತಟ್ಟಿದಳು. ಮಲ್ಹೋತ್ರಾ ಆಂಟಿ ಚಪ್ಪಾಳೆ ಹೊಡೆದರು.

"ಚಪ್ಪಾಳೆ ಬೇಡ," ಎಂದರು ಜಯಾನಂದರು. "ಜಾಗ ಬಿಟ್ಟೆದ್ದದ್ದು ಒಂದು ತಪ್ಪು. ತೀರ್ಪು ಕೊಡುವವನ ಕೈ ನೆಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಇದನ್ನು ಪ್ರಭಾವ ಬೀರುವುದು ಅನ್ನುತ್ತಾರೆ."

"ಅರೇ ಭಾಯ್ ಸಾಬ್, ಅದು ನಾಯಿ. ವಕೀಲನಲ್ಲ," ಎಂದರು ಆಂಟಿ.

ಬಳಿಕ ಸುಲ್ತಾನ್ ಬಂದಿತು. ಕ್ಯಾಪ್ಟನ್ ಬೆರಳೆತ್ತಿದ, ಅದು ಕುಳಿತಿತು. ಆಮೇಲೆ ಅಲುಗಲಿಲ್ಲ. ಪಾರ್ಸೆಲಿನವನು ಪ್ಯಾಂಟನ್ನು ಹಿಡಿದುಕೊಂಡೇ ಸುಳಿದಾಡಿದರೂ ಕಣ್ಣು ತಿರುಗಿಸಲಿಲ್ಲ. ಜಯಾನಂದರೇ ಎದ್ದು ಹೋಗಿ ಎಡಗೈ ಚಾಚಿದರು. ಅಂದು ಲಿಫ್ಟಿನಲ್ಲಿ ಮೂಗು ಒತ್ತಿದ್ದ ಅದೇ ಸುಲ್ತಾನ್ ಇಂದು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿತು. ಬಾಲ ಹೊಟ್ಟೆಯಡಿಗೆ ಸೇರಿತ್ತು: ವಿನಯ, ಎಂದುಕೊಂಡರು ಜಯಾನಂದರು. ಮತ್ತೆ ಮತ್ತೆ ಆಕಳಿಸುತ್ತಿತ್ತು: ಎಂಥ ನಿರಾಳ. ಬೆನ್ನಿನ ಮೇಲೆ ಸಣ್ಣ ಕಂಪನವೊಂದು ಹರಿಯುತ್ತಿತ್ತು: ಕರ್ತವ್ಯದ ಉತ್ಸಾಹ.

"ಅಂಕಲ್, ಅದು ಆಕಳಿಸ್ತಿರೋದು ನಿದ್ದೆ ಬಂದು ಅಲ್ಲ, ಹೆದರಿ," ಎಂದಳು ಭವ್ಯಶ್ರೀ. "ನಡುಗ್ತಾ ಇದೆ, ನೋಡಿ."

"ಸೋತವರು ಹೀಗೆ ಹೇಳುತ್ತಾರೆ," ಎಂದು ಜಯಾನಂದರು ಹಿಂದಿಯಲ್ಲಿ ಉತ್ತರಿಸಿದರು.

"ಇಡೀ ತಿಂಗಳು ಸುಲ್ತಾನ್ ಲಿಫ್ಟಿನಲ್ಲಿ ಒಮ್ಮೆಯೂ ಬೊಗಳಿಲ್ಲ," ಎಂದು ತ್ಯಾಗಿ ಜೀ ಸಾಕ್ಷ್ಯ ನುಡಿದರು.

"ಲಿಫ್ಟಿನೊಳಗೆ ಕಾಲೇ ಇಡದವನು ಹೇಗೆ ಬೊಗಳುತ್ತಾನೆ?" ಎಂದರು ಮಲ್ಹೋತ್ರಾ ಆಂಟಿ. "ಐದು ಮಹಡಿ ಮೆಟ್ಟಿಲಲ್ಲೇ ಓಡಾಡಿಸುತ್ತೀರಿ."

"ಅದು ವ್ಯಾಯಾಮ, ಮೇಡಂ."

ಜಯಾನಂದರು ತೀರ್ಪು ಬರೆದು ಸಹಿ ಹಾಕಿದರು. ಕ್ಯಾಪ್ಟನ್ ರಜತನ ಪದ್ಧತಿಯೇ ಶ್ರೇಷ್ಠ. ಮುಂದಿನ ಭಾನುವಾರ ಎಲ್ಲ ನಾಯಿಗಳಿಗೂ ಕರೀ ಪಟ್ಟಿ. ಆದರ್ಶವಾಗಲೆಂದು ಮೊದಲ ಪಟ್ಟಿ ಮೌಲ್ಯಮಾಪಕರ ಸ್ವಂತ ನಾಯಿ ಚಟ್ನಿಗೇ ಎಂದು ತ್ಯಾಗಿ ಜೀ ಘೋಷಿಸಿದರು.

ಮನೆಯಲ್ಲಿ ನಿರೀಕ್ಷಾ ಬಾಗಿಲಲ್ಲೇ ನಿಂತಿದ್ದಳು. "ಪಪ್ಪಾ, ನೀವು ಸೈನ್ ಮಾಡಿದ್ರಾ? ಸಚ್ ಮೇಂ?"

"ತತ್ವ ಅಂದ್ರೆ ತತ್ವ. ನನ್ನ ಮನೆ ನಾಯಿಗೆ ಬೇರೆ ಕಾನೂನಿಲ್ಲ."

"ಓಕೆ. ಭಾನುವಾರ ಚಟ್ನಿಗೆ ಆ ಪಟ್ಟಿ ಕಟ್ಟಿದ್ರೆ ನಾನು ಅವಳನ್ನು ತಗೊಂಡು ಹೋಗ್ತೀನಿ. ನೋಯ್ಡಾದಲ್ಲಿ ಯಾವ ಪಿಜಿಯವರು ಡಾಗ್ ಇಟ್ಕೊಳ್ತಾರೋ ಅಲ್ಲಿಗೆ. ಐ ಆಮ್ ನಾಟ್ ಜೋಕಿಂಗ್."

ಅವಳು ತಮಾಷೆ ಮಾಡುತ್ತಿರಲಿಲ್ಲ. ಮರುದಿನವೇ ಮಂಚದಡಿಯ ಸೂಟ್‌ಕೇಸು ಹೊರಬಂತು. ಜಯಾನಂದರು ಅದನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತಿದ್ದರು. ದಾಟುವಾಗ ಮಾತ್ರ ಅದನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ತೂಕ ನೋಡುತ್ತಿದ್ದರು.

ಇತ್ತ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಮಲ್ಹೋತ್ರಾ ಆಂಟಿ ಬಾಂಬು ಹಾಕಿದ್ದರು: ಇಡ್ಲಿವಾಲೇ ಅಂಕಲ್ ಜೇಬಿನಲ್ಲಿ ಬೆಣ್ಣೆ ಇಟ್ಟುಕೊಂಡು ಬಂದು ಬೇಕೆಂದೇ ಲಡ್ಡುವಿನ ಮನಸ್ಸು ಕೆಡಿಸಿದ್ದಾರೆ, ತನಿಖೆಯಾಗಬೇಕು. ಬೆಣ್ಣೆಯ ಸುದ್ದಿ ಸಂಜೆಯ ಹೊತ್ತಿಗೆ ಕ್ಯಾಪ್ಟನ್ ಕೊಟ್ಟ ಕಮಿಷನ್ನಿನ ಸುದ್ದಿಯಾಗಿ, ರಾತ್ರಿಯ ಹೊತ್ತಿಗೆ ಹೋಟೆಲಿನ ಸಾಂಬಾರಿನ ಮೇಲಿನ ಹಳೆಯ ಅನುಮಾನಗಳಾಗಿ ಬೆಳೆಯಿತು. ಜೀವನವಿಡೀ ಲೋಕವನ್ನು ಸಂಶಯಿಸಿದವರನ್ನು ಲೋಕ ಒಂದೇ ದಿನದಲ್ಲಿ ಬಡ್ಡಿಸಮೇತ ಸಂಶಯಿಸಿತು.

ವಿಚಾರಣೆ ಬುಧವಾರ ಸೊಸೈಟಿಯ ಕಚೇರಿಯಲ್ಲಿ ನಡೆಯಿತು. ಹೋಟೆಲಿನಿಂದ ನೇರವಾಗಿ ಬಂದಿದ್ದ ಜಯಾನಂದರು ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದರು. ಒಂದು ಕರ್ಚೀಫು, ಒಂದು ಬೀಗದ ಕೈ, ಸೋಂಪು. ಬೆಣ್ಣೆಯಿಲ್ಲ.

"ಜೇಬು ಬಿಡಿ. ಅಂಗಿ ಮೂಸಿ ನೋಡಿ," ಎಂದರು ಆಂಟಿ.

ಕಾರ್ಯಕಾರಿ ಸಮಿತಿಯ ಸದಸ್ಯರು ಒಬ್ಬೊಬ್ಬರಾಗಿ ಎದ್ದು ಬಂದು, ಕೈ ಹಿಂದೆ ಕಟ್ಟಿಕೊಂಡು, ಜಯಾನಂದರ ಅಂಗಿಯನ್ನು ಮೂಸಿದರು. ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಇಷ್ಟು ಶಾಂತವಾಗಿ ಮತದಾನ ನಡೆದದ್ದು ಅಪರೂಪ.

"ಘೀ ರೋಸ್ಟ್," ಎಂದರು ಒಬ್ಬರು.

"ಇಲ್ಲ ಜೀ, ಪುಡಿ ಇಡ್ಲಿ. ಮೇಲೆ ತುಪ್ಪ," ಎಂದರು ಇನ್ನೊಬ್ಬರು.

ತ್ಯಾಗಿ ಜೀ ಎಡಗೈಯನ್ನೂ ಮೂಸಿ, ಕೆಲಹೊತ್ತು ಅಲ್ಲೇ ಬಾಗಿದ್ದು, "ಪಾರ್ಸೆಲ್ ಕೊಡುತ್ತೀರಾ?" ಎಂದು ಕೇಳಿದರು.

ಜಯಾನಂದರು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಡತಿಯತ್ತ ತಿರುಗಿದರು. "ನನ್ನ ಮೈಯಲ್ಲಿ ತುಪ್ಪದ ವಾಸನೆ ಬರ‍್ತದಾ?"

"ಮದುವೆಯಾದ ಮೊದಲ ವರ್ಷ ಬರ‍್ತಿತ್ತು," ಎಂದರು ಚಂಪಾ. "ಆಮೇಲೆ ಅದು ನಿಮ್ಮ ಸ್ವಭಾವ ಅಂದ್ಕೊಂಡೆ."

ಅವರ ಕಣ್ಣಿನ ಶಿಸ್ತು, ಲಿಫ್ಟಿನ ಪ್ರಭಾವ, ಹೊಸ್ತಿಲಲ್ಲಿ ಸಿಗುತ್ತಿದ್ದ ಭಕ್ತಿ, ಎಲ್ಲವೂ ಆ ಒಂದು ಮಾತಿನಲ್ಲಿ ಕರಗಿ ಅಂಗಿಯ ಅಂಚಿಗೆ ಇಳಿದುಹೋದವು. ಇಷ್ಟು ದಿನ ನಾಯಿಗಳು ವಂದಿಸಿದ್ದು ಜಯಾನಂದರನ್ನಲ್ಲ, ಡಬ್ಬಿಯನ್ನು.

ಆದರೆ ಕಮಿಷನ್ನಿನ ಆರೋಪಕ್ಕೆ ಉತ್ತರಿಸಲು ಬಂದಿದ್ದ ಕ್ಯಾಪ್ಟನ್ ರಜತ್ ಎದ್ದು ನಿಂತು ಮೀಸೆ ನೇವರಿಸಿದ. "ಸರಿ, ತುಪ್ಪವಿತ್ತು ಅಂತಲೇ ಇಟ್ಟುಕೊಳ್ಳೋಣ. ಅವರ ನಾಯಿ ತುಪ್ಪಕ್ಕೆ ಎದ್ದು ಬಂತು. ಸುಲ್ತಾನ್ ಮುಖ ತಿರುಗಿಸಿತು. ಹಾಗಾದರೆ ಯಾರ ತರಬೇತಿ ದೊಡ್ಡದು? ತುಪ್ಪಕ್ಕೂ ಮಣಿಯದ ನಾಯಿಯನ್ನು ಎಲ್ಲಾದರೂ ನೋಡಿದ್ದೀರಾ?"

ಸಭೆ ತಲೆದೂಗಿತು. ತೀರ್ಪು ಉಳಿಯಿತು. ಜಯಾನಂದರ ಮಾನವೂ ಅರ್ಧದಷ್ಟು ಉಳಿಯಿತು. ಉಳಿದ ಅರ್ಧವನ್ನು ಅವರು ಏಳನೆಯ ಮಹಡಿಗೆ ಒಯ್ದು ಊಟಕ್ಕೆ ಕುಳಿತರು.

"ಕೇಳಿದ್ಯಲ್ಲ? ತುಪ್ಪಕ್ಕೂ ಮಣಿಯದ ನಾಯಿ," ಎಂದರು ಹೆಂಡತಿಗೆ.

ಚಂಪಾ ಅನ್ನ ಬಡಿಸುತ್ತಾ ಕೇಳಿದರು: "ಅಲ್ಲ ಮಾರಾಯ್ರೆ, ಘೀ ರೋಸ್ಟ್ ಎದುರಿಗೆ ತಂದಿಟ್ಟರೂ ಮುಖ ತಿರುಗಿಸುವ ಗಿರಾಕಿ ಹೋಟೆಲಿಗೆ ಬಂದ್ರೆ ನೀವು ಎಂತ ಅಂತೀರಿ? ಶಿಸ್ತಿನ ಮನುಷ್ಯ ಅಂತೀರಾ?"

"ಇಲ್ಲ. ಹುಷಾರಿಲ್ಲ ಅಂತೇನೆ."

ಹೇಳಿದ ಮೇಲೆ ಅವರು ಕಲಸಿದ ತುತ್ತನ್ನು ಮತ್ತೆ ತಟ್ಟೆಗಿಟ್ಟರು.

"ಸುಲ್ತಾನ್ ಮೊದಲು ಲಿಫ್ಟಿನಲ್ಲಿ ನಿಮ್ಮ ಕೈ ಬಿಡ್ತಿರಲಿಲ್ಲ ಅಂತ ನೀವೇ ಹೇಳಿದ್ದು," ಎಂದರು ಚಂಪಾ. "ಭಟ್ಟರನ್ನಾದ್ರೆ ಹಿಂಬಾಗಿಲಿಂದ ಹೋಗಿ ನೋಡ್ತೀರಿ. ನಾಯಿಯನ್ನು ಮಾತ್ರ ಮುಂದೆ ಕುರ್ಚಿ ಹಾಕ್ಕೊಂಡು ನೋಡಿದ್ರಿ. ಹೊಡೆಯುವವನು ಪಕ್ಕದಲ್ಲಿ ನಿಂತಿದ್ದಾಗ ಯಾರು ಕುಳಿತಿರುವುದಿಲ್ಲ?"

ಪಟ್ಟಿ ಕಟ್ಟುವ ಭಾನುವಾರ, ಜನವೆಲ್ಲ ಹುಲ್ಲುಹಾಸಿನಲ್ಲಿ ಸೇರುತ್ತಿದ್ದಾಗ, ಕ್ಯಾಪ್ಟನ್ ರಜತ್ ಕೆಳಗೆ ಮೇಜಿನ ಮೇಲೆ ಹೊಸ ಪಟ್ಟಿಗಳನ್ನು ಜೋಡಿಸುತ್ತಿದ್ದಾಗ, ಜಯಾನಂದರು ಐದನೆಯ ಮಹಡಿಯಲ್ಲಿ ಇಳಿದು ತ್ಯಾಗಿಯವರ ಗಂಟೆ ಒತ್ತಿದರು. ಈ ಸಲ ಎಡಗೈಗೆ ತುಪ್ಪವನ್ನು ಬೇಕೆಂದೇ ಧಾರಾಳವಾಗಿ ಹಚ್ಚಿಕೊಂಡಿದ್ದರು.

"ಸುಲ್ತಾನ್ ಇಂದು ಲಿಫ್ಟಿನಲ್ಲಿ ಇಳಿಯಲಿ, ತ್ಯಾಗಿ ಜೀ. ಎಲ್ಲರ ಎದುರು ಬಾಗಿಲು ತೆರೆದು ರಾಜನ ಹಾಗೆ ಹೊರಬಂದರೆ ಅದರ ಶಾನ್ ಬೇರೆ."

ತ್ಯಾಗಿಯವರಿಗೆ ಶಾನ್ ಎಂಬ ಮಾತು ಹಿಡಿಸಿತು. ಸುಲ್ತಾನನನ್ನು ಲಿಫ್ಟಿನ ಮುಂದೆ ತಂದು ನಿಲ್ಲಿಸಿದರು. ಅದು ಜಯಾನಂದರ ಕೈಯತ್ತ ಮೂಗನ್ನು ಇಷ್ಟೇ ಇಷ್ಟು ಚಾಚಿತು. ಚಾಚಬಹುದೇ ಎಂದು ಅತ್ತಿತ್ತ ನೋಡಿತು. ಅಷ್ಟರಲ್ಲಿ ಲಿಫ್ಟು ಮಹಡಿಗೆ ಬಂದು ನಿಂತಿತು. ಬೀಪ್ ಎಂದಿತು.

ಕಾಲುಗಳನ್ನು ಯಾರೋ ಒಮ್ಮೆಲೇ ಕಿತ್ತುಕೊಂಡಂತೆ ಸುಲ್ತಾನ್ ನೆಲಕ್ಕೆ ಬಿತ್ತು. ಅಷ್ಟು ದೊಡ್ಡ ನಾಯಿ ಹೊಟ್ಟೆ ಎಳೆದುಕೊಂಡು ತೆವಳಿ, ಜಯಾನಂದರ ಎರಡು ಮೊಣಕಾಲುಗಳ ನಡುವೆ ತಲೆ ತೂರಿಸಿತು. ಬಿಳಿಯ ಅಮೃತಶಿಲೆಯ ಮೇಲೆ ಮೂತ್ರ ಹರಿಯಿತು.

"ನಾಟಕ," ಎಂದರು ತ್ಯಾಗಿ. ದನಿ ಮಾತ್ರ ನಂಬಲಿಲ್ಲ. "ಲಿಫ್ಟ್ ಕಂಡರೆ ಹೀಗೇ. ಕ್ಯಾಪ್ಟನ್ ಸರಿಹೋಗುತ್ತದೆ ಅಂದಿದ್ದಾನೆ."

"ಲಿಫ್ಟು ಅಲ್ಲ ತ್ಯಾಗಿ ಜೀ. ಆ ಸದ್ದು. ಪಟ್ಟಿಯೂ ಹೀಗೇ ಬೀಪ್ ಅನ್ನುತ್ತದೆ, ಅವನೇ ಹೇಳಿದ್ದ." ಜಯಾನಂದರು ಮಂಡಿಯೂರಿ ಸುಲ್ತಾನನ ಕೊರಳು ತಡವಿದರು. ಕೈಗೆ ಏನೋ ಅಂಟಿತು. ಅದು ತುಪ್ಪವಾಗಿರಲಿಲ್ಲ.

ಪಟ್ಟಿ ಬಿಚ್ಚಿ ಕೂದಲು ಸರಿಸಿದರು. ಪಟ್ಟಿಯೊಳಗೆ ಎರಡು ಗಿಡ್ಡ ಮೊಳೆಗಳಿದ್ದವು. ಅವು ಕೂರುತ್ತಿದ್ದ ಕಡೆ ಚರ್ಮ ಕಿತ್ತು ಎರಡು ಹುಣ್ಣು. ಸುತ್ತ ಕೂದಲು ಕೀವಿನಿಂದ ಅಂಟಿಹೋಗಿತ್ತು.

ತ್ಯಾಗಿ ಜೀ ಗೋಡೆಗೆ ಒರಗಿದರು. "ಪಟ್ಟಿ ಬಿಚ್ಚಬೇಡಿ ಅಂದಿದ್ದ. ನಾನು ಬಿಚ್ಚಲಿಲ್ಲ. ತಿಂಗಳಿಂದ ನಾನು ಇವನ ಕೊರಳು ಮುಟ್ಟೇ ಇಲ್ಲ, ಜಯಾನಂದ ಜೀ."

ಕ್ಯಾಪ್ಟನ್ ರಜತ್ ನಿಜವಾಗಿ ತರಬೇತಿ ಕೊಟ್ಟದ್ದು ಯಾರಿಗೆಂಬುದು ಅಲ್ಲಿ ತಿಳಿಯಿತು.

ಜಯಾನಂದರು ಪಟ್ಟಿಯನ್ನು ಕೈಯಲ್ಲಿ ಹಿಡಿದು ಹುಲ್ಲುಹಾಸಿಗೆ ನಡೆದು ಬಂದರು. ನಿರೀಕ್ಷಾ ಚಟ್ನಿಯನ್ನು ಅಪ್ಪಿ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಸೂಟ್‌ಕೇಸು. ಭವ್ಯಶ್ರೀ ಅವಳಿಗೆ ಏನೋ ಹೇಳುತ್ತಿದ್ದಳು. ಮೇಜಿನ ಬಳಿ ಕ್ಯಾಪ್ಟನ್ ಮೊದಲ ಪಟ್ಟಿಯನ್ನು ಬಿಡಿಸುತ್ತಿದ್ದ.

"ಸುಲ್ತಾನನ ಕೊರಳಲ್ಲಿ ಎರಡು ಹುಣ್ಣಿವೆ. ಏನದು?" ಎಂದು ಜಯಾನಂದರು ಎಲ್ಲರಿಗೂ ಕೇಳುವಂತೆ ಕೇಳಿದರು.

"ಸೊಳ್ಳೆ ಕಚ್ಚಿರಬೇಕು ಸರ್. ಪೂರ್ವ ದೆಹಲಿಯ ಸೊಳ್ಳೆ ನಿಮಗೆ ಗೊತ್ತಲ್ಲ."

"ಅಳತೆ ಹಿಡಿದು ಈ ಎರಡು ಮೊಳೆಗಳ ಜಾಗದಲ್ಲೇ ಕಚ್ಚುವ ಸೊಳ್ಳೆ," ಎನ್ನುತ್ತಾ ಜಯಾನಂದರು ಪಟ್ಟಿಯನ್ನು ಮುಷ್ಟಿಯಲ್ಲಿ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಮೇಜಿನ ಮೇಲಿದ್ದ ರಿಮೋಟನ್ನೂ ಎತ್ತಿಕೊಂಡರು. "ಇಲ್ಲಿ ನೋಡಿ, ಮಹನೀಯರೇ. ಇದರ ಹೆಸರು ಸಂಪರ್ಕ ಸಾಧನ."

ಮೌಲ್ಯಮಾಪಕರು ಭಾಷಣದ ಭರದಲ್ಲಿ ಹೆಬ್ಬೆರಳನ್ನು ಎಲ್ಲಿ ಒತ್ತಿದರೆಂಬುದನ್ನು ಗಮನಿಸಲಿಲ್ಲ. ಬೀಪ್ ಎಂಬ ಸದ್ದು ಕೇಳಿತು, ಮುಷ್ಟಿಯೊಳಗಿನ ಮೊಳೆಗಳಿಂದ ಕರೆಂಟು ಹೊಡೆಯಿತು. ಮರುಕ್ಷಣ ಜಯಾನಂದರು 'ಹುಲ್ಲಿನ ಮೇಲೆ ಕುಳಿತುಕೊಳ್ಳಬಾರದು' ಎಂಬ ಫಲಕದ ಬುಡದಲ್ಲೇ ದೊಪ್ಪನೆ ಕುಳಿತಿದ್ದರು. ಪಟ್ಟಿ ಒಂದು ಕಡೆ, ಕನ್ನಡಕ ಇನ್ನೊಂದು ಕಡೆ.

ಮೊದಲು ನಕ್ಕದ್ದು ಸಮಿತಿಯ ಸದಸ್ಯರು. ಆಮೇಲೆ ಎಲ್ಲರೂ. ಕ್ಯಾಪ್ಟನ್ನೂ ನಕ್ಕು, "ನೋಡಿ, ಸರ್ ಎಷ್ಟು ಬೇಗ ಕುಳಿತರು. ಪದ್ಧತಿ ಕೆಲಸ ಮಾಡುತ್ತದೆ," ಎಂದ.

"ಮಾಡುತ್ತದೆ," ಎಂದರು ಜಯಾನಂದರು ನೆಲದಿಂದಲೇ. "ಕುಳಿತೆ. ಆದರೆ ಕುಳಿತುಕೊಳ್ಳುವುದನ್ನು ಕಲಿಯಲಿಲ್ಲ. ನಿಮ್ಮ ಮುಖ ಕಂಡರೆ ಹೆದರುವುದನ್ನು ಕಲಿತೆ. ನನಗೆ ಬಾಯಿದೆ, ಹೇಳಿದೆ. ಅವನಿಗೆ ತಿಂಗಳಿಡೀ ಆಕಳಿಕೆ ಒಂದೇ ಇತ್ತು. ಈ ಹುಡುಗಿ ಅದನ್ನು ಓದಿ ಹೇಳಿದಳು. ನಾನು ಅವಳ ಚೀಲವನ್ನು ಸಂಶಯಿಸುತ್ತಿದ್ದೆ."

ನಗು ನಿಂತಿತು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ತ್ಯಾಗಿ ಜೀ ಸುಲ್ತಾನನನ್ನು ಮಗುವಿನಂತೆ ಎರಡೂ ತೋಳುಗಳಲ್ಲಿ ಹೊತ್ತು, ಏದುಸಿರು ಬಿಡುತ್ತಾ ಬಂದರು. ಕೊರಳು ಎಲ್ಲರಿಗೂ ಕಾಣುತ್ತಿತ್ತು. ಕ್ಯಾಪ್ಟನ್ ರಜತ್ ಪಟ್ಟಿಗಳನ್ನು ಚೀಲಕ್ಕೆ ತುಂಬತೊಡಗಿದ. ಮಲ್ಹೋತ್ರಾ ಆಂಟಿ ಅವನನ್ನು ಗೇಟಿನವರೆಗೆ ಬೀಳ್ಕೊಟ್ಟರು. ದಾರಿಯುದ್ದಕ್ಕೂ ಅವರು ಬಳಸಿದ ಪಂಜಾಬಿ ಮಾತುಗಳು ಮುದ್ರಣಕ್ಕೆ ಯೋಗ್ಯವಲ್ಲ.

ಜಯಾನಂದರು ಎದ್ದು, ಕನ್ನಡಕ ಹುಡುಕಿ ಹಾಕಿಕೊಂಡು, ಭವ್ಯಶ್ರೀಯ ಮುಂದೆ ನಿಂತರು. "ನೋಡಮ್ಮ," ಎಂದರು ಕನ್ನಡದಲ್ಲಿ, "ನಮ್ಮ ಚಟ್ನಿಗೆ ಕಲಿಸ್ತೀರಾ? ಪನೀರ್ ಹೋಟೆಲಿನಿಂದ ನಾನೇ ತರ‍್ತೇನೆ."

"ತನ್ನಿ ಅಂಕಲ್. ಆದರೆ ಪಾಠದ ಹೊತ್ತಲ್ಲಿ ನೀವು ಸ್ವಲ್ಪ ದೂರ ಇರಬೇಕು. ನಿಮ್ಮ ಎದುರಿಗೆ ಯಾವ ನಾಯಿಗೂ ಪಾಠ ತಲೆಗೆ ಹತ್ತಲ್ಲ."

ನಿರೀಕ್ಷಾ ಸೂಟ್‌ಕೇಸನ್ನು ತಂದೆಯ ಕೈಗೆ ಕೊಟ್ಟಳು. "ಚಲೋ ಪಪ್ಪಾ. ಮೇಲೆ ನೀವೇ ತಗೊಂಡು ಬನ್ನಿ." ಅವರು ಎತ್ತಿಕೊಂಡರು.

ಇಷ್ಟಕ್ಕೆ ಎಲ್ಲವೂ ಸರಿಹೋಯಿತೆಂದು ನೀವು ನೆಮ್ಮದಿಯಿಂದ ಕೈ ಒರೆಸಿಕೊಳ್ಳುವಂತಿಲ್ಲ. ಚಟ್ನಿ ಈಗ ಕೊರಿಯರಿನವನನ್ನು ಕಂಡರೆ ಸುಮ್ಮನಿರುತ್ತಾಳೆ, ಕನ್ನಡಿಯ ನಾಯಿಯನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ. ಸುಲ್ತಾನನ ಹುಣ್ಣು ಮಾಯಿತು, ಲಿಫ್ಟು ಮಾಯಲಿಲ್ಲ. ಇಂದಿಗೂ ಅದು ಮೆಟ್ಟಿಲನ್ನೇ ಹಿಡಿಯುತ್ತದೆ, ತ್ಯಾಗಿ ಜೀ ಅದರ ಹಿಂದೆ ಮೆಟ್ಟಿಲ ಕಂಬಿ ಹಿಡಿದು ಐದೂ ಮಹಡಿ ಹತ್ತುತ್ತಾರೆ. ರಜೆಯ ದಿನಗಳಲ್ಲಿ ಭವ್ಯಶ್ರೀ ತೆರೆದ ಲಿಫ್ಟಿನ ಎದುರು ನೆಲದ ಮೇಲೆ ಕುಳಿತು, ಒಂದೊಂದು ಬೀಪಿಗೆ ಒಂದೊಂದು ಚೂರು ಪನೀರು ಕೊಡುತ್ತಾಳೆ. ಸುಲ್ತಾನ್ ಚೂರನ್ನು ತಿನ್ನುತ್ತದೆ, ಹೊಸ್ತಿಲನ್ನು ದಾಟುವುದಿಲ್ಲ. ಕ್ಯಾಪ್ಟನ್ ರಜತ್ ಗಾಜಿಯಾಬಾದ್ ಕಡೆಯ ಬೇರೊಂದು ಸೊಸೈಟಿಯಲ್ಲಿ ಮೀಸೆ ತಿರುವುತ್ತಿದ್ದಾನಂತೆ, ಅಲ್ಲಿಯ ನಾಯಿಗಳು ಬಹಳ ಶಿಸ್ತಿನವಾಗಿವೆಯಂತೆ.

ಆದ್ದರಿಂದ ದಯವಿಟ್ಟು ಈ ಪುಟವನ್ನು ಮಡಿಸಿಟ್ಟು ಏಳಿ. ನಿಮ್ಮ ಮನೆಯಲ್ಲಿಯೋ ಪಕ್ಕದ ಮನೆಯಲ್ಲಿಯೋ ಒಂದು ನಾಯಿ ಬಹಳ ಸದ್ದಿಲ್ಲದೆ ಕುಳಿತಿದ್ದರೆ, ಅದರ ಬಳಿಗೆ ಹೋಗಿ, ಮೊದಲು ಮೂಸಲು ಬಿಟ್ಟು, ಕೊರಳ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿ, ಕೂದಲು ಸರಿಸಿ ನೋಡಿ. ಗಾಯ ಕಂಡರೆ ಆ ಪಟ್ಟಿಯನ್ನು ಮರಳಿ ಕಟ್ಟಬೇಡಿ.